ಅಂಗಳದಲ್ಲಿ ಒಣಗುವ ಊಟ

ಎಲ್ಲರಿಗೂ ನಮಸ್ಕಾರ.

ಏಪ್ರಿಲ್ ತಿಂಗಳಲ್ಲಿ ಯಾರಾದರೂ ಫೋನ್ ಮಾಡಿ ನಿಮ್ಮ ಕರಾವಳಿ ನೋಡೋಕೆ ಬರ್ತೀವಿ ಅಂದರೆ ನಾವು ಮೊದಲು ಹೇಳುವ ಮಾತು ಒಂದೇ: "ಈಗ ಬರಬೇಡಿ ಮಾರಾಯ್ರೆ, ಸೆಕೆ." ನಾನೂ ಹಾಗೇ ಹೇಳುತ್ತಿದ್ದೆ. ಈಗ ಬನ್ನಿ ಅನ್ನುತ್ತೇನೆ. ಕಾರವಾರದಿಂದ ಹೊನ್ನಾವರದವರೆಗೆ ಜನ ಏನು ಉಣ್ಣುತ್ತಾರೆ ಅಂತ ತಿಳಿಯಬೇಕಾದರೆ ಈ ಸೆಕೆಯಲ್ಲೇ ಬರಬೇಕು, ಯಾಕೆಂದರೆ ಇಲ್ಲಿನ ಅಡುಗೆಯಲ್ಲಿ ಅರ್ಧ ಕೆಲಸ ಒಲೆಯದಲ್ಲ, ಬಿಸಿಲಿನದು. ಹೋಟೆಲಿನ ಬೋರ್ಡ್ ಆಮೇಲೆ ನೋಡಿ. ಮೊದಲು ಅಂಗಳದಲ್ಲಿ ಏನು ಒಣಗುತ್ತಿದೆ ಅಂತ ನೋಡಿ.

ಉಪ್ಪನ್ನೇ ತಗೊಳ್ಳಿ. ಗೋಕರ್ಣದ ಹತ್ತಿರ ಸಾಣಿಕಟ್ಟಾ ಅಂತ ಊರಿದೆ. ಅಘನಾಶಿನಿ ಹಿನ್ನೀರಿನ ಉಪ್ಪುನೀರನ್ನು ಗದ್ದೆಯಂಥ ಮಡಿಗಳಿಗೆ ಬಿಡುತ್ತಾರೆ. ನೀರು ಆರಿ ಹರಳು ಕಟ್ಟಿದ ಮೇಲೆ ಎಳೆದು ರಾಶಿ ಹಾಕುತ್ತಾರೆ. ಒಂದು ಮಳೆ ಬಿದ್ದರೆ ಆ ವರ್ಷದ ಕೆಲಸ ಮುಗೀತು. ಪ್ಯಾಕೆಟ್ ಉಪ್ಪಿನಷ್ಟು ಬೆಳ್ಳಗಿರುವುದಿಲ್ಲ, ಇರಲಿ ಬಿಡಿ. ಮಾವಿನ ಮಿಡಿ ಹಾಕುವುದಕ್ಕೆ ಹರಳುಪ್ಪೇ ಬೇಕು ಅನ್ನುವವರು ಘಟ್ಟದ ಮೇಲೆ ಸಿರ್ಸಿಯಲ್ಲೂ ಇದ್ದಾರೆ. ಅವರ ಅಪ್ಪೆಮಿಡಿಗೆ 2009ರಲ್ಲೇ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಅಂದಹಾಗೆ 1930ರಲ್ಲಿ ಅಂಕೋಲೆಯವರು ಉಪ್ಪಿನ ಸತ್ಯಾಗ್ರಹ ಮಾಡಿದ್ದು ಇದೇ ಕಡಲಿನ ಉಪ್ಪಿಗಾಗಿ, ಅದೂ ಇಂಥದೇ ಏಪ್ರಿಲ್ ಬಿಸಿಲಲ್ಲಿ.

ಇನ್ನು ಕುಮಟಾ ನೀರುಳ್ಳಿ. ಹೆದ್ದಾರಿ 66ರಲ್ಲಿ ಅಳ್ವೆಕೋಡಿ, ಹಂದಿಗೋಣ ಕಡೆ ಹೋಗುವಾಗ ರಸ್ತೆ ಬದಿಯಲ್ಲಿ ಸಾಲಾಗಿ ತೂಗುಹಾಕಿರುತ್ತಾರೆ. ಗಡ್ಡೆ ಚಿಕ್ಕದು, ಕೆಂಪು, ಹಸಿಯಾಗಿ ಕಚ್ಚಿದರೂ ಸಿಹಿ. ಒಣಗಿದ ಸೊಪ್ಪನ್ನೇ ಜಡೆಯಂತೆ ಹೆಣೆದು ಗೊಂಚಲು ಮಾಡುತ್ತಾರೆ. ಕೆಲಸಕ್ಕೆಂದು ಬೆಂಗಳೂರಲ್ಲಿದ್ದ ಕಾಲದಲ್ಲಿ ನಾನು ಒಮ್ಮೆ ದೊಡ್ಡ ಗೊಂಚಲು ತಗೊಂಡು, ಜಾಣತನ ಮಾಡಿ ಸೊಪ್ಪೆಲ್ಲ ಕತ್ತರಿಸಿ, ಗಡ್ಡೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಸಿಂಕಿನ ಕೆಳಗೆ ಇಟ್ಟಿದ್ದೆ. ಎರಡು ವಾರಕ್ಕೆ ಪಕ್ಕದ ಮನೆಯವರು ಬಾಗಿಲು ತಟ್ಟಿ ನಿಮ್ಮಲ್ಲಿ ಏನಾದರೂ ಸತ್ತಿದೆಯಾ ಅಂತ ಕೇಳಿದರು. ಮುಂದಿನ ವರ್ಷ ಅದೇ ಅಂಗಡಿಯ ಅಕ್ಕನ ಹತ್ತಿರ ಈ ಕತೆ ಹೇಳಿದೆ. "ಜಡೆ ಯಾಕೆ ಕೊಯ್ದೆ ತಮಾ? ಚಂದಕ್ಕೆ ಹೆಣೆದದ್ದು ಅಂದ್ಕೊಂಡ್ಯಾ?" ಅಂದರು. ಅಡುಗೆಮನೆಯಲ್ಲಿ ಒಲೆಯ ಹೊಗೆ ತಾಗುವ ಕಡೆ ಜಡೆ ಸಮೇತ ನೇತುಹಾಕಬೇಕಂತೆ. ದಿನಾ ಬೇಕಾದಷ್ಟು ಮಾತ್ರ ಕಿತ್ತುಕೊಳ್ಳಬೇಕಂತೆ. ಹಾಗಿಟ್ಟರೆ ಮಳೆಗಾಲ ದಾಟುತ್ತದೆ.

ಈ ಮಳೆಗಾಲವೇ ಎಲ್ಲದಕ್ಕೂ ಕಾರಣ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಬಿರುಸು. ಈ ನಿಯಮ ಬರುವ ಮೊದಲೂ ಆ ಕಡಲಿಗೆ ಸಣ್ಣ ದೋಣಿ ಇಳಿಸುವುದು ಸುಲಭವಿರಲಿಲ್ಲ. ಹಾಗಾಗಿ ಬೇಸಗೆಯಲ್ಲಿ ಬಂಗುಡೆ, ಶೆಟ್ಲಿ ಎಲ್ಲ ಒಣಗಿಸಿ ಇಡುತ್ತಾರೆ. ಶೆಟ್ಲಿ ಅಂದರೆ ಸೀಗಡಿ. ವಾಸನೆ ಇದೆ, ಇಲ್ಲ ಅನ್ನುವುದಿಲ್ಲ. ಕಾರವಾರದಿಂದ ಸಿರ್ಸಿಗೆ ಬಸ್ಸಿನಲ್ಲಿ ಒಣಮೀನು ಒಯ್ದು, ದೇವಿಮನೆ ಘಟ್ಟ ಹತ್ತುವವರೆಗೂ ಕಿಟಕಿ ಆಚೆ ನೋಡುತ್ತಾ ಚೀಲ ನನ್ನದಲ್ಲ ಅನ್ನುವ ಹಾಗೆ ಕೂತವನು ನಾನು.

ಅದೇ ಒಣ ಶೆಟ್ಲಿಯ ತಲೆ, ಬಾಲ ಮುರಿದು, ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಗರಿಗರಿಯಾಗುವ ತನಕ ಹುರಿದು, ಸುಟ್ಟ ಒಣಮೆಣಸು, ಕಾಯಿತುರಿ, ಕುಮಟಾದ ಎರಡು ನೀರುಳ್ಳಿ, ಒಂದು ಮುರುಗಲು ಸಿಪ್ಪೆ ಸೇರಿಸಿ ತರಿತರಿಯಾಗಿ ಕುಟ್ಟಿ ನೋಡಿ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ದಂಡ. ಬಿಸಿ ಕುಚಲಕ್ಕಿ ಗಂಜಿ ಜೊತೆ ಇದಿದ್ದರೆ ನನಗೆ ಬೇರೆ ಏನೂ ಬೇಡ.

ಮುರುಗಲು ಅಂದೆನಲ್ಲ, ದಕ್ಷಿಣ ಕನ್ನಡದವರ ಪುನರ್ಪುಳಿ, ಪೇಟೆಯವರ ಕೋಕಂ ಅದೇ. ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಉಪ್ಪು ಬೆರೆಸಿದ ಅದರದೇ ರಸದಲ್ಲಿ ಅದ್ದಿ ಒಣಗಿಸುತ್ತಾರೆ. ಸಂಜೆ ಮತ್ತೆ ಅದ್ದುತ್ತಾರೆ, ಮರುದಿನ ಮತ್ತೆ ಬಿಸಿಲಿಗೆ. ಹೀಗೆ ದಿನಗಟ್ಟಲೆ ಮಾಡಿದ ಮೇಲೆ ಕೆಂಪು ಹೋಗಿ ಕಪ್ಪಾಗುತ್ತದೆ. ಪೇಟೆಯಲ್ಲಿ ಕೊಳ್ಳುವಾಗ ತೇವ ಇದೆಯಾ ಅಂತ ಬೆರಳಲ್ಲಿ ಒತ್ತಿ ನೋಡಿ. ಬಂಗುಡೆ ಸಾರಿಗೆ ಬೀಳುವ ಜುಮ್ಮನಕಾಯಿ ಅನ್ನುವ ಘಾಟಿನ ಮಸಾಲೆ ಕಾಯಿಯೂ ಹೀಗೇ ಒಣಗಿ ಬಾಯಿ ಬಿಟ್ಟದ್ದೇ ಆಗಬೇಕು, ಒಳಗಿನ ಕರಿ ಬೀಜ ಬಿಸಾಡಿ ಸಿಪ್ಪೆ ಮಾತ್ರ ಹಾಕುತ್ತಾರೆ.

ಅಂಕೋಲೆಯ ಕರಿ ಈಶಾಡ ಮಾವಿನಹಣ್ಣು ಮಾತ್ರ ಇದ್ಯಾವುದಕ್ಕೂ ಬಗ್ಗುವುದಿಲ್ಲ. ಅದಕ್ಕೂ 2023ರಲ್ಲಿ ಜಿಐ ಟ್ಯಾಗ್ ಬಂತು. ಹಣ್ಣಾದ ಮೇಲೆ ನಾಲ್ಕೈದು ದಿನಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ, ದೂರದ ಊರಿಗೆ ಕಳಿಸುವುದೂ ಕಷ್ಟ. ಮೇ ತಿಂಗಳಲ್ಲಿ ಅಂಕೋಲೆಗೇ ಬಂದು ತಿನ್ನಬೇಕು. ಒಂದು ಟವೆಲ್ ತನ್ನಿ, ರಸ ಮೊಣಕೈವರೆಗೆ ಇಳಿಯುತ್ತದೆ.

ನಮಸ್ಕಾರ.