ಲಾರ್ಕಿನ್ ಸುಡಿಸಿದ ಡೈರಿ, ಉಳಿಸಿದ ಕಾಗದ

ಕೇಳುಗರೆಲ್ಲರಿಗೂ ನಮಸ್ಕಾರ.

1985ರ ಡಿಸೆಂಬರ್ 2ರಂದು ಇಂಗ್ಲೆಂಡಿನ ಹಲ್ ಎಂಬ ಊರಿನಲ್ಲಿ ಕವಿ ಫಿಲಿಪ್ ಲಾರ್ಕಿನ್ ತೀರಿಕೊಂಡರು. ಆಗ ಅವರಿಗೆ 63 ವರ್ಷ. ಕೊನೆಗಾಲದಲ್ಲಿ ಅವರು ಒಂದು ಮಾತು ಹೇಳಿದ್ದರು. ತಮ್ಮ ಡೈರಿಗಳನ್ನು ಯಾರೂ ಓದಬಾರದು, ನಾಶ ಮಾಡಬೇಕು. ಆ ಕೆಲಸ ಅವರ ಸೆಕ್ರೆಟರಿ ಬೆಟ್ಟಿ ಮ್ಯಾಕೆರೆತ್ ಅವರ ಪಾಲಿಗೆ ಬಂತು. ಇಪ್ಪತ್ತೈದಕ್ಕೂ ಹೆಚ್ಚು ಸಂಪುಟಗಳು. ಆಕೆ ಹಾಳೆಗಳನ್ನು ಓದದೆ ಚೂರು ಮಾಡುವ ಯಂತ್ರಕ್ಕೆ ಹಾಕಿದರು, ಆಮೇಲೆ ಆ ಚೂರನ್ನೂ ಸುಡಿಸಿದರು. ಉಳಿದದ್ದು ಹೊರಗಿನ ರಟ್ಟು ಮಾತ್ರ. ಆ ಖಾಲಿ ರಟ್ಟುಗಳನ್ನು ಹಲ್‌ನಲ್ಲಿ ಪ್ರದರ್ಶನಕ್ಕೂ ಇಟ್ಟಿದ್ದರು.

ಛೇ, ಹೀಗೆ ಮಾಡಬಾರದಿತ್ತು ಅಂತ ಅನ್ನಿಸುತ್ತದೆ ಅಲ್ವಾ? ನನಗೆ ಹಾಗನ್ನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಲಾರ್ಕಿನ್ ಕವಿ ಮಾತ್ರ ಅಲ್ಲ, ವೃತ್ತಿಯಲ್ಲಿ ಲೈಬ್ರೇರಿಯನ್. 1943ರಲ್ಲಿ ವೆಲ್ಲಿಂಗ್ಟನ್ ಎಂಬ ಸಣ್ಣ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಶುರು ಮಾಡಿದರು. ಲೆಸ್ಟರ್, ಬೆಲ್‌ಫಾಸ್ಟ್ ಸುತ್ತಿ 1955ರಲ್ಲಿ ಹಲ್ ವಿಶ್ವವಿದ್ಯಾಲಯಕ್ಕೆ ಬಂದರು. ಮತ್ತೆ ಸಾಯುವ ತನಕ ಅಲ್ಲೇ. ಅವರ ಕಾಲದಲ್ಲಿ ಬ್ರಿಟನ್ನಿನ ಬದುಕಿರುವ ಕವಿಗಳ ಹಸ್ತಪ್ರತಿಗಳನ್ನು ಅಮೆರಿಕದ ವಿಶ್ವವಿದ್ಯಾಲಯಗಳು ದುಡ್ಡು ಸುರಿದು ಕೊಳ್ಳುತ್ತಿದ್ದವು, ಬ್ರಿಟನ್ನಿನ ಗ್ರಂಥಾಲಯಗಳು ಮಾತ್ರ ಸುಮ್ನೆ ಕೂತಿದ್ದವು. ಲಾರ್ಕಿನ್‌ಗೆ ಇದನ್ನು ಸಹಿಸಲಾಗಲಿಲ್ಲ. 1979ರಲ್ಲಿ ಒಂದು ಭಾಷಣದಲ್ಲಿ ತಮ್ಮ ಕಸುಬಿನವರಿಗೇ ಇದನ್ನು ಬಿಡಿಸಿ ಹೇಳಿದರು. ಕವಿಯ ಕೈಬರಹಕ್ಕೆ ಎರಡು ಬಗೆಯ ಬೆಲೆ ಇದೆ ಎಂದರು. ಒಂದು ಮಾಂತ್ರಿಕವಾದದ್ದು: ಇದೇ ಕಾಗದದ ಮೇಲೆ, ಇದೇ ಕ್ಷಣದಲ್ಲಿ ಆ ಪದಗಳು ಮೊದಲ ಸಲ ಹುಟ್ಟಿದವು ಎನ್ನುವ ರೋಮಾಂಚನ. ಇನ್ನೊಂದು ಅರ್ಥದ್ದು: ಕವಿ ಏನನ್ನು ಬರೆದ, ಏನನ್ನು ಹೊಡೆದುಹಾಕಿದ, ಎಲ್ಲಿ ಸಿಕ್ಕಿಹಾಕಿಕೊಂಡ ಅಂತ ಅದರಿಂದ ಗೊತ್ತಾಗುತ್ತದೆ.

ಬರೀ ಉಪದೇಶ ಮಾಡಿ ಕೂತವರಲ್ಲ. 1960ರ ದಶಕದಲ್ಲೇ ತಮ್ಮ ಕವಿತೆಗಳ ಮೊದಲ ನೋಟ್‌ಬುಕ್ಕನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಪುಕ್ಕಟೆ ಕೊಟ್ಟುಬಿಟ್ಟರು. ಈಗ ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ.

ಈ ನೋಟ್‌ಬುಕ್ಕುಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಆಫೀಸು ಮುಗಿಸಿ, ಸಂಜೆ ಊಟ ಮುಗಿಸಿ, ಪೆನ್ಸಿಲ್ ಹಿಡಿದು ಒಂದೆರಡು ಗಂಟೆ ಬರೆಯುತ್ತಿದ್ದರು. ಸಾಲು ಬರೆಯುವುದು, ಹೊಡೆಯುವುದು, ಮತ್ತೆ ಮೊದಲಿಂದ ಬರೆಯುವುದು. ಹಾಳೆಗಳ ಮೇಲೆ ತಾರೀಖು ಹಾಕುತ್ತಿದ್ದರು. ಅವರ ಪ್ರಸಿದ್ಧ 'ದಿ ವಿಟ್ಸನ್ ವೆಡ್ಡಿಂಗ್ಸ್' ಕವಿತೆ ನೋಡಿ. ಹಲ್‌ನಿಂದ ಲಂಡನ್ನಿಗೆ ರೈಲಿನಲ್ಲಿ ಹೋಗುವವನು ದಾರಿಯುದ್ದಕ್ಕೂ ಪ್ಲಾಟ್‌ಫಾರ್ಮುಗಳಲ್ಲಿ ಆಗಷ್ಟೇ ಮದುವೆಯಾದ ಜೋಡಿಗಳನ್ನು ಕಾಣುವ ಕವಿತೆ ಅದು. ಓದಿದರೆ ಆ ರೈಲಿನಷ್ಟೇ ಸರಾಗ. ಆದರೆ ಅದು ಮುಗಿದದ್ದು 1958ರಲ್ಲಿ, ಪ್ರಯಾಣ ಆಗಿ ವರ್ಷಗಳಾದ ಮೇಲೆ, ಹಾಳೆ ಹಾಳೆ ತಿದ್ದಿದ ಮೇಲೆ. ಅವರು ಹಾಕಿದ ತಾರೀಖುಗಳಿಂದ ಇನ್ನೊಂದು ಉಪಕಾರವೂ ಆಯಿತು. 1988ರಲ್ಲಿ ಗೆಳೆಯ ಆಂಥೊನಿ ಥ್ವೇಟ್ ಸಮಗ್ರ ಕವಿತೆಗಳನ್ನು ಸಂಪಾದಿಸಿದಾಗ, ಬರೆದ ಕ್ರಮದಲ್ಲೇ ಜೋಡಿಸಲು ಸಾಧ್ಯವಾಯಿತು. ಕವಿ ಪ್ರಕಟಿಸದೆ ಬಿಟ್ಟದ್ದನ್ನೂ ಸೇರಿಸಿದರು ಅಂತ ಕೆಲವರು ಮೂಗು ಮುರಿದರು, ನಿಜ. ನಾನಂತೂ ಥ್ವೇಟ್ ಪರ. ಒಬ್ಬ ಕವಿ ಹೇಗೆ ಬೆಳೆದ ಅಂತ ಕಣ್ಣಿಗೆ ಕಟ್ಟುವುದು ಆ ಜೋಡಣೆಯಲ್ಲೇ.

ಈಗ ಗೆಳೆಯರ ಬಳಗಕ್ಕೆ ಬರೋಣ. ಅವರನ್ನು ಬಿಟ್ಟರೆ ಈ ಕಾಗದಗಳ ಕತೆಯೇ ಇಲ್ಲ.

1941ರಲ್ಲಿ ಆಕ್ಸ್‌ಫರ್ಡಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಕಿಂಗ್ಸ್ಲಿ ಏಮಿಸ್ ಸಿಕ್ಕರು. ಇಬ್ಬರಿಗೂ ಜಾಸ್ ಸಂಗೀತದ ಹುಚ್ಚು, ಇಬ್ಬರಿಗೂ ದೊಡ್ಡವರನ್ನು ಗೇಲಿ ಮಾಡುವ ಚಟ. ಏಮಿಸ್ 1954ರಲ್ಲಿ 'ಲಕ್ಕಿ ಜಿಮ್' ಕಾದಂಬರಿ ಬರೆದು ಹೆಸರಾದರಲ್ಲ, ಅದರ ಬೀಜ ಸಿಕ್ಕಿದ್ದು ಲಾರ್ಕಿನ್‌ರನ್ನು ನೋಡಲು ಲೆಸ್ಟರಿಗೆ ಹೋದಾಗ. ಕರಡನ್ನು ಓದಿ ತಿದ್ದಿಸಿದವರೂ ಲಾರ್ಕಿನ್ನೇ. ಪುಸ್ತಕ ಅವರಿಗೇ ಅರ್ಪಣೆ. ಲೆಸ್ಟರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಮೋನಿಕಾ ಜೋನ್ಸ್ ಲಾರ್ಕಿನ್‌ಗೆ ಜೀವನದ ಕೊನೆಯವರೆಗೂ ಜೊತೆಯಾದವರು. ಆ ಕಾದಂಬರಿಯ ಒಂದು ಪಾತ್ರದಲ್ಲಿ ಅವರ ನೆರಳಿದೆ, ಅದೂ ಚೆಂದದ ನೆರಳಲ್ಲ. ಗೆಳೆತನದ ಭರದಲ್ಲಿ ಲಾರ್ಕಿನ್ ಹೀಗೆ ಆಗಲು ಬಿಟ್ಟದ್ದು ನನಗೆ ಇಂದಿಗೂ ನೋವಿನ ವಿಷಯ.

1956ರ 'ನ್ಯೂ ಲೈನ್ಸ್' ಸಂಕಲನದಲ್ಲಿ ರಾಬರ್ಟ್ ಕಾಂಕ್ವೆಸ್ಟ್ ಇವರನ್ನೆಲ್ಲ ಒಟ್ಟಿಗೆ ತಂದರು. ಎಲಿಜಬೆತ್ ಜೆನ್ನಿಂಗ್ಸ್, ಥಾಮ್ ಗನ್, ಡೊನಾಲ್ಡ್ ಡೇವಿ ಮುಂತಾದ ಕವಿಗಳೆಲ್ಲ ಅದರಲ್ಲಿದ್ದರು. ಈ ಬಳಗವನ್ನೇ ಜನ 'ದಿ ಮೂವ್‌ಮೆಂಟ್' ಎಂದು ಕರೆದದ್ದು. ಪಾಠ ಪುಸ್ತಕಗಳಲ್ಲಿ ಇದಕ್ಕೆ ಬಹಳ ಜಾಗ ಸಿಗುತ್ತದೆ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು ಬಾರ್ಬರಾ ಪಿಮ್ ಜೊತೆಗಿನ ಪತ್ರಗಳು.

ಪಿಮ್ ಕಾದಂಬರಿಗಾರ್ತಿ. 1961ರಲ್ಲಿ ಇಬ್ಬರ ನಡುವೆ ಪತ್ರ ಶುರುವಾಯಿತು. 1963ರಲ್ಲಿ ಪ್ರಕಾಶಕರು ಆಕೆಯ ಹೊಸ ಕಾದಂಬರಿಯನ್ನು ವಾಪಸ್ ಕಳಿಸಿದರು. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಬೇಡ ಎಂದರು. ಆಕೆ ಬರೆಯುವುದು ಬಿಡಲಿಲ್ಲ, ಲಾರ್ಕಿನ್ ಪತ್ರ ಬರೆಯುವುದು ಬಿಡಲಿಲ್ಲ. ಇಬ್ಬರೂ ಮುಖ ನೋಡಿದ್ದು 1975ರಲ್ಲಿ, ಅದೂ ಆಕ್ಸ್‌ಫರ್ಡಿನ ಒಂದು ಹೋಟೆಲಿನಲ್ಲಿ ಊಟಕ್ಕೆ. 1977ರಲ್ಲಿ ಟೈಮ್ಸ್ ಲಿಟರರಿ ಸಪ್ಲಿಮೆಂಟ್ ಪತ್ರಿಕೆ, ಸಲ್ಲಬೇಕಾದ ಹೆಸರು ಸಿಗದ ಲೇಖಕರು ಯಾರು ಅಂತ ಹಲವರನ್ನು ಕೇಳಿತು. ಲಾರ್ಕಿನ್, ವಿಮರ್ಶಕ ಡೇವಿಡ್ ಸೆಸಿಲ್ ಇಬ್ಬರೂ ಪಿಮ್ ಹೆಸರು ಹೇಳಿದರು. ಬದುಕಿರುವ ಲೇಖಕರ ಪೈಕಿ ಎರಡು ಸಲ ಬಂದ ಹೆಸರು ಅದೊಂದೇ. ಅದೇ ವರ್ಷ ಆಕೆಯ ಹೊಸ ಕಾದಂಬರಿಯೊಂದು ಅಚ್ಚಾಯಿತು, ಬುಕರ್ ಪಟ್ಟಿಗೂ ಬಂತು. ಆ ಸಲ ತೀರ್ಪುಗಾರರ ಅಧ್ಯಕ್ಷರು ಲಾರ್ಕಿನ್ನೇ, ಆದರೂ ಬಹುಮಾನ ಹೋದದ್ದು ಭಾರತದಲ್ಲೇ ಉಳಿದುಬಿಟ್ಟ ಇಂಗ್ಲಿಷ್ ದಂಪತಿಯ ಬಗ್ಗೆ ಬರೆದ ಪಾಲ್ ಸ್ಕಾಟ್ ಅವರಿಗೆ. ಗೆಳತಿ ಅಂತ ಪಿಮ್‌ಗೇ ಕೊಟ್ಟುಬಿಡಲಿಲ್ಲ.

1992ರಲ್ಲಿ ಲಾರ್ಕಿನ್‌ರ ಆಯ್ದ ಪತ್ರಗಳು ಹೊರಬಂದಾಗ ದೊಡ್ಡ ರಾದ್ಧಾಂತವೇ ಆಯಿತು. ಮರುವರ್ಷ ಆಂಡ್ರ್ಯೂ ಮೋಷನ್ ಬರೆದ ಜೀವನಚರಿತ್ರೆ ಅದಕ್ಕೆ ತುಪ್ಪ ಸುರಿಯಿತು. ಏಮಿಸ್‌ಗೆ ಮತ್ತು ಇನ್ನು ಕೆಲವರಿಗೆ ಬರೆದ ಪತ್ರಗಳಲ್ಲಿ ಬೇರೆ ಜನಾಂಗದವರ ಬಗ್ಗೆ, ಹೆಂಗಸರ ಬಗ್ಗೆ ಹೊಲಸು ಮಾತುಗಳಿದ್ದವು. ಅವನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಕೆಟ್ಟದ್ದು ಕೆಟ್ಟದ್ದೇ. ಆದರೆ ಅದೇ ಮನುಷ್ಯ ವರ್ಷಗಟ್ಟಲೆ ವಾರಕ್ಕೆರಡು ಸಲ ತಾಯಿ ಈವಾಗೆ ಪತ್ರ ಬರೆದಿದ್ದಾರೆ, ತಲೆಗೆ ಟೋಪಿ ಹಾಕಿಕೊಂಡ ಒಂದು ಮುದಿ ಪ್ರಾಣಿಯ ಪುಟ್ಟ ಚಿತ್ರ ಗೀಚಿ ಅಮ್ಮನನ್ನು ನಗಿಸಿದ್ದಾರೆ. ಮೋನಿಕಾಗೆ ಬರೆದಾಗ ಅಲ್ಲಿ ಮೊಲದ ಚಿತ್ರ. ಪಿಮ್‌ಗೆ ಬರೆದಾಗ ಬೇರೆಯೇ ದನಿ, ಮರ್ಯಾದೆಯ, ತಾಳ್ಮೆಯ ದನಿ. ಮೋನಿಕಾಗೆ ಬರೆದ ಪತ್ರಗಳು 2010ರಲ್ಲಿ, ಮನೆಯವರಿಗೆ ಬರೆದವು 2018ರಲ್ಲಿ ಪುಸ್ತಕವಾದವು. ಅಂದರೆ ಮೊದಲ ಕಂತು ಓದಿ ಕೋಪಗೊಂಡವರು ಉಳಿದ ಕಂತುಗಳಲ್ಲಿ ಒಂದಕ್ಕೆ ಹದಿನೆಂಟು ವರ್ಷ, ಇನ್ನೊಂದಕ್ಕೆ ಇಪ್ಪತ್ತಾರು ವರ್ಷ ಕಾಯಬೇಕಾಯಿತು. ಒಂದೇ ಕಟ್ಟು ಬಿಚ್ಚಿ ಇವನು ಇಂಥವನು ಅಂತ ತೀರ್ಮಾನಿಸುವವರ ಮಾತನ್ನು ನಾನು ಒಪ್ಪುವುದಿಲ್ಲ, ಹೊಗಳುವವರದ್ದಾಗಲಿ ತೆಗಳುವವರದ್ದಾಗಲಿ.

ಉಯಿಲಿನದ್ದೂ ಒಂದು ಗೊಂದಲ. ಒಂದು ಕಡೆ, ಅಚ್ಚಾಗದ ಬರಹವನ್ನೆಲ್ಲ ಓದದೆ ನಾಶ ಮಾಡಿ ಎಂದಿತ್ತು. ಇನ್ನೊಂದು ಕಡೆ, ಪ್ರಕಟಿಸುವ ಅಧಿಕಾರವನ್ನೂ ಕೊಟ್ಟಿತ್ತು. ವಕೀಲರನ್ನು ಕೇಳಿದರೆ, ಒಂದಕ್ಕೊಂದು ತಾಳೆ ಆಗುವುದಿಲ್ಲ, ಉಳಿಸಿಕೊಳ್ಳಬಹುದು ಎಂದರು. ಹಾಗಾಗಿ ನೋಟ್‌ಬುಕ್ಕುಗಳು, ಪತ್ರಗಳು ಬದುಕಿದವು. ಮಿಕ್ಕ ನೋಟ್‌ಬುಕ್ಕುಗಳು ಇವತ್ತು ಹಲ್‌ನಲ್ಲಿವೆ.

ಅದಕ್ಕೇ ಡೈರಿ ಹೋಯಿತೆಂದು ನಾನು ಕೊರಗುವುದಿಲ್ಲ. ಪತ್ರ ಇನ್ನೊಬ್ಬರ ಕೈಗೆ ಕೊಟ್ಟದ್ದು. ನೋಟ್‌ಬುಕ್ಕನ್ನು ಅವರೇ ಒಮ್ಮೆ ದೇಶಕ್ಕೆ ಕೊಟ್ಟು ದಾರಿ ತೋರಿಸಿದ್ದರು. ಡೈರಿಯನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ಕಾಗದದ ಬೆಲೆ ಚೆನ್ನಾಗಿ ಗೊತ್ತಿದ್ದ ಮನುಷ್ಯ, ಯೋಚಿಸಿಯೇ ಬೇಡ ಎಂದರು. ಮ್ಯಾಕೆರೆತ್ ಆ ಮಾತು ಉಳಿಸಿಕೊಟ್ಟರು. ಅವರು ಮಾಡಿದ್ದು ಸರಿ.

ನಮಸ್ಕಾರ.