ಆಶ್ಲೇಷದ ನೆರೆಗೆ ರೋಹಿಣಿಯಲ್ಲಿ ಪಟ್ಟಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ದಂಡೆಯ ಊರುಗಳಲ್ಲಿ ಈ ಮಾತನ್ನು ಕೇಳುತ್ತಿರುವ ತರುಣ ಸಂಘಗಳ ಗೆಳೆಯರೇ, ಸ್ವಸಹಾಯ ಸಂಘಗಳ ತಾಯಂದಿರೇ, ನಿವೃತ್ತರಾದ ನರ್ಸ್ ಮತ್ತು ಕಂಪೌಂಡರುಗಳೇ, ಔಷಧ ಅಂಗಡಿಯವರೇ, ವೈದ್ಯಕೀಯ ವಿದ್ಯಾರ್ಥಿಗಳೇ, ನಿಮಗೆ ಒಂದೇ ಒಂದು ವಿಷಯವನ್ನು ಹೇಳಬೇಕೆಂದು ನಾನು ಇಲ್ಲಿ ಬಂದು ಕುಳಿತಿದ್ದೇನೆ. ನೆರೆಯೋ ವಾಂತಿಭೇದಿಯೋ ಸಾಂಕ್ರಾಮಿಕ ಜ್ವರವೋ ಬಂದಾಗ ಸೇವೆಗೆ ಇಳಿಯುವ ಸ್ವಯಂಸೇವಾ ವೈದ್ಯಕೀಯ ತಂಡವು ತನ್ನ ಅರ್ಧ ಕೆಲಸವನ್ನು ಆ ಸಂಕಟ ಬರುವುದಕ್ಕೆ ಎರಡು ತಿಂಗಳು ಮುಂಚೆಯೇ ಮುಗಿಸಿರಬೇಕು. ಆ ಅರ್ಧ ಕೆಲಸವೆಂದರೆ ಪಟ್ಟಿ ಬರೆಯುವುದು.

ನಮ್ಮ ಭಾಗದ ನೆರೆಯ ಸ್ವಭಾವ ನಿಮಗೆ ಗೊತ್ತೇ ಇದೆ. ಮಳೆ ಸುರಿಯುವುದು ಸಹ್ಯಾದ್ರಿಯ ನೆತ್ತಿಯ ಮೇಲೆ, ಮಹಾಬಳೇಶ್ವರ ಮತ್ತು ಕೊಯ್ನಾದ ಕಡೆಗೆ. ನೀರು ನುಗ್ಗುವುದು ಚಿಕ್ಕೋಡಿ, ಅಥಣಿ, ಜಮಖಂಡಿ ತಾಲೂಕುಗಳ ಕಬ್ಬಿನ ಹೊಲಗಳಿಗೆ. ಅಂಗಳದಲ್ಲಿ ಬಿಸಿಲು ಬಿದ್ದಿರುವಾಗಲೇ ಹೊಳೆ ಏರುತ್ತದೆ. ಕೊಯ್ನಾದಿಂದ ಎಷ್ಟು ಕ್ಯೂಸೆಕ್ ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಬಂತು, ಆಲಮಟ್ಟಿಯಿಂದ ಎಷ್ಟು ಹೊರಗೆ ಹೋಯಿತು ಎಂಬ ಲೆಕ್ಕ ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತವರಿಗೂ ಬಾಯಿಪಾಠವಾಗಿರುತ್ತದೆ. 2009ರಲ್ಲಿ ಸೆಪ್ಟೆಂಬರ್ ಕೊನೆಯ ಮಳೆ ನೇರವಾಗಿ ನಮ್ಮ ತಲೆಯ ಮೇಲೆಯೇ ಸುರಿದಿತ್ತು, ಆ ಮಾತು ಬೇರೆ. ಆದರೆ ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. 2019ರ ಆಗಸ್ಟ್ ತಿಂಗಳ ಮಹಾನೆರೆ ಬಂದದ್ದು ಅದೇ ಮಳೆಯಲ್ಲಿ. ಬೀಗರಂತೆ ಮೊದಲೇ ಹೇಳಿಕಳಿಸಿ ಬರುವ ನೆರೆಗೆ ನಾವು ಪ್ರತಿ ಸಲವೂ ಬಾಗಿಲಿಗೆ ಬಂದ ಮೇಲೆಯೇ ಒಲೆ ಹೊತ್ತಿಸುತ್ತೇವೆ. ಇದು ನನಗೆ ಅರ್ಥವಾಗದ ಸಂಗತಿ.

ಆ ವರ್ಷ ಜಮಖಂಡಿ ತಾಲೂಕಿನ ಒಂದು ಶಾಲೆಯಲ್ಲಿ ತೆರೆದಿದ್ದ ಕಾಳಜಿ ಕೇಂದ್ರದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ದೂರದ ನಗರಗಳಿಂದ ಟೆಂಪೋಗಳಲ್ಲಿ ಔಷಧದ ಪೆಟ್ಟಿಗೆಗಳು ಬಂದು ವರಾಂಡದ ತುಂಬ ಬಿದ್ದಿದ್ದವು. ಕಳಿಸಿದವರ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಪೆಟ್ಟಿಗೆ ಒಡೆದು ನೋಡಿದರೆ ಕೆಮ್ಮಿನ ಸಿರಪ್ಪು, ಶಕ್ತಿಯ ಗುಳಿಗೆ, ‘ಮಾರಾಟಕ್ಕಲ್ಲ’ ಎಂಬ ಮುದ್ರೆಯ ಸ್ಯಾಂಪಲ್ಲು ಮತ್ತು ಅರ್ಧಕ್ಕೆ ಕತ್ತರಿಸಿದ ಗುಳಿಗೆಯ ಹಾಳೆಗಳು. ಅವಧಿ ಮುಗಿಯುವ ತಾರೀಖು ಕತ್ತರಿಸಿ ಹೋದ ಇನ್ನೊಂದು ಅರ್ಧದಲ್ಲಿತ್ತು. ಅವುಗಳನ್ನು ಬೇರ್ಪಡಿಸುವುದಕ್ಕೇ ಓದಿದ ಹುಡುಗರು ಇಡೀ ಮಧ್ಯಾಹ್ನ ಕುಳಿತರು. ಇತ್ತ ಸಾಲಿನಲ್ಲಿ ನಿಂತಿದ್ದವರಲ್ಲಿ ಹೆಚ್ಚಿನವರು ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯವರು. ಅವರ ಗುಳಿಗೆಗಳು ಮನೆಯೊಂದಿಗೆ ನೀರಿನಲ್ಲಿ ಹೋಗಿದ್ದವು. ಒಬ್ಬ ಅಜ್ಜಿ, “ಡಾಕ್ಟರ್ರ, ನನ್ನ ಗುಳಿಗಿ ಬೆಳ್ಳಗ ಸಣ್ಣದಿರತೈತ್ರಿ, ನಡಕ ಒಂದ ಗೀಟ ಇರತೈತಿ,” ಎಂದರು. ಬೆಳ್ಳಗೆ, ಸಣ್ಣಗೆ, ನಡುವೆ ಗೆರೆಯಿರುವ ಗುಳಿಗೆಗಳು ಎಷ್ಟಿವೆ ಎಂಬುದನ್ನು ಔಷಧ ಅಂಗಡಿಯವರು ಬಲ್ಲರು.

ಅಷ್ಟರಲ್ಲಿ ಪಕ್ಕದ ಹಳ್ಳಿಯ ಜನರೊಂದಿಗೆ ಒಬ್ಬ ನಿವೃತ್ತ ಕಂಪೌಂಡರು ಬಂದರು. ಅವರ ಕಂಕುಳಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ದಾರ ಕಟ್ಟಿದ ಒಂದು ಉದ್ದನೆಯ ನೋಟುಬುಕ್ಕಿತ್ತು. ಬೇಸಿಗೆಯಲ್ಲಿಯೇ ಅವರು ಊರಿನ ಆಶಾ ಕಾರ್ಯಕರ್ತೆಯನ್ನೂ ಇಬ್ಬರು ಕಾಲೇಜು ಹುಡುಗರನ್ನೂ ಕರೆದುಕೊಂಡು ಮನೆಮನೆಗೆ ಹೋಗಿ, ದಿನವೂ ಔಷಧ ತೆಗೆದುಕೊಳ್ಳುವ ಪ್ರತಿಯೊಬ್ಬರ ಹೆಸರನ್ನು ಬರೆದಿದ್ದರು. ಹೆಸರಿನ ಮುಂದೆ ಗುಳಿಗೆಯ ಹೆಸರು, ಎಷ್ಟು ಮಿಲಿಗ್ರಾಮಿನದು, ದಿನಕ್ಕೆ ಎಷ್ಟು ಸಲ. ಬರೆದದ್ದು ತಪ್ಪಾದರೂ ತೊಂದರೆಯಾಗದಂತೆ ಪಕ್ಕದಲ್ಲಿ ಖಾಲಿಯಾದ ಗುಳಿಗೆಯ ಹಾಳೆಯ ಒಂದು ತುಂಡನ್ನು ಅಂಟಿನಿಂದ ಹಚ್ಚಿದ್ದರು. ಇದನ್ನು ನೋಡಿ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಇನ್ನೊಂದು ಪುಟದಲ್ಲಿ ಗರ್ಭಿಣಿಯರ ಹೆಸರು, ತಾಯಿ ಕಾರ್ಡಿನಿಂದ ಇಳಿಸಿಕೊಂಡ ಹೆರಿಗೆಯ ದಿನಾಂಕ. ಮತ್ತೊಂದರಲ್ಲಿ ಫಿಟ್ಸ್ ಬರುವವರು, ಡಯಾಲಿಸಿಸ್‌ಗೆ ಹೋಗುವವರು, ಹಾಸಿಗೆ ಹಿಡಿದವರು, ಅವರನ್ನು ಎತ್ತಿ ತರಲು ಎಷ್ಟು ಜನ ಬೇಕು ಎಂಬುದರ ಸಮೇತ. ಹೊಳೆ ಏರುವ ಸುದ್ದಿ ಬಂದ ಕೂಡಲೇ, ರಸ್ತೆ ಮುಳುಗುವ ಮೊದಲೇ, ದಿನ ತುಂಬಿದ ಗರ್ಭಿಣಿಯರನ್ನು ಅವರು ತಾಲೂಕು ಆಸ್ಪತ್ರೆಗೆ ಕಳಿಸಿಬಿಟ್ಟಿದ್ದರು. ಉಳಿದವರ ಔಷಧದ ಪಟ್ಟಿಯನ್ನು ಫೋನಿನಲ್ಲಿ ಓದಿ ಹೇಳಿದೆವು. ಮರುದಿನ ಬೇಕಾದಷ್ಟೇ ಔಷಧ, ಬೇಕಾದವರ ಹೆಸರಿಗೇ ಬಂತು. ವರಾಂಡದ ಪೆಟ್ಟಿಗೆಗಳೆಲ್ಲ ಮಾಡಲಾಗದ ಕೆಲಸವನ್ನು ಆ ಒಂದು ನೋಟುಬುಕ್ಕು ಮಾಡಿತ್ತು.

ಕಥೆ ಸ್ವಲ್ಪ ಉದ್ದವಾಯಿತು, ಕ್ಷಮಿಸಿ. ಆದರೆ ಈಗ ಮೇ ತಿಂಗಳ ಕೃತ್ತಿಕಾ ಮಳೆ ನಡೆದಿದೆ. ಇನ್ನು ರೋಹಿಣಿ ಬರುತ್ತದೆ, ಅಲ್ಲಿಂದ ಆಶ್ಲೇಷಕ್ಕೆ ಸುಮಾರು ಎರಡು ತಿಂಗಳು. ನಿಮ್ಮ ಊರಿನ ನೋಟುಬುಕ್ಕು ಎಲ್ಲಿದೆ?

ನಾವು ಡಾಕ್ಟರಲ್ಲವಲ್ಲ ಎಂದು ಹಿಂದೆ ಸರಿಯುವವರಿಗೆ ಒಂದು ಮಾತು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬಂಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ನರಕ್ಕೆ ಕೊಡುವ ಸಲೈನ್ ತೀರಿಹೋಯಿತು. ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ನಾವು ಒಂದು ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಹಾಕಿ ಕುಡಿಸುವ ಓ.ಆರ್.ಎಸ್. ಅದರದೇ ಸುಧಾರಿಸಿದ ರೂಪ. ಸ್ವಯಂಸೇವೆಯೂ ನಮ್ಮ ನೆಲಕ್ಕೆ ಹೊಸದಲ್ಲ. ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕರ ಪಡೆಯನ್ನು ನಡೆಸಿದ ನಾ.ಸು. ಹರ್ಡೀಕರ ಅವರು ವೈದ್ಯರೇ ಆಗಿದ್ದರು. ಆ ಅಧಿವೇಶನದ ಅತಿಥಿಗಳ ನೀರಿಗಾಗಿ, ಅವರು ಬಂದಿಳಿಯುವ ಮೊದಲೇ, ಬೆಳಗಾವಿಯ ಟಿಳಕವಾಡಿಯಲ್ಲಿ ಬಾವಿ ತೋಡಿ ಮುಗಿಸಲಾಗಿತ್ತು. ಮೊದಲು ತಯಾರಿ ಎಂದರೆ ಹೀಗೆ.

ಇನ್ನೊಂದು ವಿಷಯವಿದೆ. ನೀರು ಏರಿದ ಮೊದಲ ವಾರ ಬ್ಯಾನರ್ ಕಟ್ಟಿಕೊಂಡು ಎಲ್ಲರೂ ಬರುತ್ತಾರೆ, ಫೋಟೋ ತೆಗೆಸಿಕೊಂಡು ಎಲ್ಲರೂ ಹೋಗುತ್ತಾರೆ. ರೋಗಗಳು ಬರುವುದು ಆಮೇಲೆ. ಗಾಯ ಮತ್ತು ಹಾವಿನ ಕಡಿತ ಮೊದಲ ದಿನಗಳಲ್ಲಿ. ವಾಂತಿಭೇದಿ ಅದರ ಬೆನ್ನಿಗೆ. ಇಲಿಯ ಮೂತ್ರ ಬೆರೆತ ನೀರಿನಲ್ಲಿ ಗಾಯದ ಕಾಲಿಟ್ಟು ನಡೆದವರಿಗೆ ಇಲಿ ಜ್ವರ ಒಂದೆರಡು ವಾರಗಳ ಮೇಲೆ. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟಿ ಡೆಂಗಿ ಹರಡುವುದು ಇನ್ನೂ ತಡವಾಗಿ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಸ್ವಯಂಸೇವಕರ ಹೆಸರುಗಳನ್ನೂ ಬರೆಯಿರಿ: ಮೊದಲ ವಾರ ಯಾರು, ಎರಡನೆಯ ವಾರ ಯಾರು, ಜನ ಮನೆಗೆ ಮರಳಿದ ಮೇಲೆ ಯಾರು. ಯಾರೇ ಆಗಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಹೇಳಿದ ಕಡೆಗೆ ಹೋಗಬೇಕು, ತಮಗೆ ಕಂಡ ಕಡೆಗಲ್ಲ. ನೀರಿನಲ್ಲಿ ಓಡಾಡುವ ಹುಡುಗರು ಗಂಬೂಟು ಹಾಕಿಕೊಳ್ಳಲಿ. ಇಲಿ ಜ್ವರ ತಡೆಯುವ ಗುಳಿಗೆಯ ಬಗ್ಗೆ ಅದೇ ವೈದ್ಯಾಧಿಕಾರಿಯನ್ನು ಕೇಳಲಿ.

ಸಮಯ ಮುಗಿಯುತ್ತ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಅರ್ಧ ಗ್ರಾಮಿನ ಒಂದು ಕ್ಲೋರಿನ್ ಗುಳಿಗೆ ಇಪ್ಪತ್ತು ಲೀಟರ್ ನೀರಿಗೆ ಸಾಕು. ಹಾಕಿದ ಮೇಲೆ ಅರ್ಧ ಗಂಟೆ ಮುಟ್ಟಬೇಡಿ. ಬಾಯಿ ತೆರೆದಿಟ್ಟ ಬ್ಲೀಚಿಂಗ್ ಪುಡಿ ಸತ್ವ ಕಳೆದುಕೊಳ್ಳುತ್ತದೆ, ಕಳೆದ ವರ್ಷದ ಚೀಲವನ್ನು ನಂಬಬೇಡಿ. ಹಾವು ಕಡಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು ಬೇಡವೇ ಬೇಡ. ಕಡಿದ ಕೈಕಾಲು ಅಲುಗದಂತೆ ಇಟ್ಟು, ಹಾವಿನ ವಿಷ ಇಳಿಸುವ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಿರಿ. ಆ ಚುಚ್ಚುಮದ್ದು ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನೂ ಈಗಲೇ ಕೇಳಿ ಪಟ್ಟಿಯಲ್ಲಿ ಬರೆಯಿರಿ.

ಪಟ್ಟಿಯ ಒಂದು ಪ್ರತಿ ಆರೋಗ್ಯ ಕೇಂದ್ರಕ್ಕೆ, ಒಂದು ಆಶಾ ಕಾರ್ಯಕರ್ತೆಗೆ, ಒಂದು ಎತ್ತರದ ಜಾಗದಲ್ಲಿರುವ ಯಾರದಾದರೂ ಮನೆಗೆ. ದಯವಿಟ್ಟು ಅದರ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಕ್ಷಯ ಮತ್ತು ಎಚ್.ಐ.ವಿ. ಇರುವವರ ಹೆಸರನ್ನಂತೂ ನೀವು ಬರೆಯಲೇಬೇಡಿ. ಅವು ಆ ಕಾಯಿಲೆಗಳಿಗೆ ಔಷಧ ಕೊಡುವ ಕೇಂದ್ರಗಳಲ್ಲಿ ಈಗಾಗಲೇ ಇವೆ, ಅಲ್ಲಿಯೇ ಇರಲಿ. ನಮಸ್ಕಾರ.