ಗಂಜಿನ ದರದಿಂದ ನೀತಿಯ ಮೇಜಿನವರೆಗೆ: ಕೇಂದ್ರೀಯ ಬ್ಯಾಂಕಿನ ಕಿರಿಯ ಸಂಶೋಧಕರ ಕೆಲಸ

(ಕಲಬುರಗಿಯಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಗೆ ಶರಣು ಶರಣಾರ್ಥಿಗಳು.

ಕೇಂದ್ರೀಯ ಬ್ಯಾಂಕಿನಲ್ಲಿ ಅರ್ಥಶಾಸ್ತ್ರದ ಸಂಶೋಧನಾ ಸಹಾಯಕರಾಗಿ ವೃತ್ತಿ ಆರಂಭಿಸುವವರು ದಿನವಿಡೀ ಏನು ಮಾಡುತ್ತಾರೆ ಎಂಬುದನ್ನು ಹೇಳಬೇಕೆಂದು ವಿಭಾಗದವರು ಕೇಳಿದ್ದಾರೆ. ಮೊದಲು ಒಂದು ಗೊಂದಲವನ್ನು ಬಗೆಹರಿಸಿಬಿಡುತ್ತೇನೆ. ನಮ್ಮ ಕಡೆ ರಿಸರ್ವ್ ಬ್ಯಾಂಕಿನ ಅಸಿಸ್ಟೆಂಟ್ ಎಂದ ಕೂಡಲೇ ಪದವೀಧರರು ಬರೆಯುವ ಗುಮಾಸ್ತ ದರ್ಜೆಯ ಪರೀಕ್ಷೆ ನೆನಪಿಗೆ ಬರುತ್ತದೆ. ಅದು ಗೌರವದ ಹುದ್ದೆಯೇ, ಆದರೆ ನಾನು ಹೇಳಹೊರಟ ಕೆಲಸ ಬೇರೆ. ಭಾರತೀಯ ರಿಸರ್ವ್ ಬ್ಯಾಂಕಿನಲ್ಲಿ ಸಂಶೋಧನೆಯ ಹೊಣೆ ಮುಖ್ಯವಾಗಿ ಎರಡು ಇಲಾಖೆಗಳ ಮೇಲಿದೆ: ಆರ್ಥಿಕ ಮತ್ತು ನೀತಿ ಸಂಶೋಧನಾ ಇಲಾಖೆ ಒಂದು, ಅಂಕಿಅಂಶ ಮತ್ತು ಮಾಹಿತಿ ನಿರ್ವಹಣಾ ಇಲಾಖೆ ಇನ್ನೊಂದು. ಅಲ್ಲಿಗೆ ಕಾಯಂ ದಾರಿ ಎಂದರೆ ಸ್ನಾತಕೋತ್ತರ ಪದವಿಯ ನಂತರ ಬರೆಯುವ ಗ್ರೇಡ್ ಬಿ ಅಧಿಕಾರಿಗಳ ಪ್ರತ್ಯೇಕ ಪರೀಕ್ಷೆ. ಇದರ ಹೊರತಾಗಿ ಕೆಲವು ತಿಂಗಳ ಮಟ್ಟಿಗಿನ ಸಂಶೋಧನಾ ಇಂಟರ್ನ್‌ಶಿಪ್‌ಗಳೂ ಉಂಟು. ಅಮೆರಿಕದ ಫೆಡರಲ್ ರಿಸರ್ವ್‌ನಲ್ಲಿ ಪದವಿ ಮುಗಿಸಿದವರನ್ನು ಸಾಮಾನ್ಯವಾಗಿ ಎರಡು ವರ್ಷಗಳ ಮಟ್ಟಿಗೆ ಸಹಾಯಕರಾಗಿ ತೆಗೆದುಕೊಳ್ಳುತ್ತಾರೆ, ಅವರಲ್ಲಿ ಬಹಳ ಮಂದಿ ಆಮೇಲೆ ಪಿಎಚ್.ಡಿ.ಗೆ ಹೋಗುತ್ತಾರೆ. ಹುದ್ದೆಯ ಹೆಸರು, ಸಂಬಳ, ಅವಧಿ ದೇಶದಿಂದ ದೇಶಕ್ಕೆ ಬೇರೆಯಾದರೂ ಮೊದಲ ವರ್ಷಗಳ ಕೆಲಸದ ಸ್ವರೂಪ ಮಾತ್ರ ಬಹುತೇಕ ಒಂದೇ.

ತರಗತಿಯಲ್ಲಿ ಬಡ್ಡಿ ದರ ಮತ್ತು ಉತ್ಪನ್ನದ ಸಂಬಂಧ ತೋರಿಸುವ ಐಎಸ್-ಎಲ್‌ಎಂ ರೇಖೆಗಳನ್ನು ಬಿಡಿಸಿ ಬಂದವರಿಗೆ ಅಲ್ಲಿ ಸಿದ್ಧಾಂತಗಳ ಚರ್ಚೆ ನಡೆಯುತ್ತದೆಂಬ ನಿರೀಕ್ಷೆ ಇರುತ್ತದೆ. ಚರ್ಚೆ ನಡೆಯುತ್ತದೆ ನಿಜ, ಆದರೆ ಕಿರಿಯರ ಪಾಲಿಗೆ ಬರುವುದು ಅಂಕಿಯ ಹೊಣೆ. ಹಿರಿಯ ಅರ್ಥಶಾಸ್ತ್ರಜ್ಞರೊಬ್ಬರು ಟಿಪ್ಪಣಿಯಲ್ಲಿ ಒಂದು ವಾಕ್ಯ ಬರೆದರೆ, ಆ ವಾಕ್ಯದಲ್ಲಿರುವ ಸಂಖ್ಯೆ ಎಲ್ಲಿಂದ ಬಂತು, ಯಾರು ಎಣಿಸಿದರು, ಯಾವ ದಿನ ಇಳಿಸಿಕೊಂಡದ್ದು, ನಡುವೆ ಏನೇನು ಬದಲಾಯಿಸಲಾಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ಕಿರಿಯರೇ. ಈ ಕೆಲಸವನ್ನು ಕೆಲಕಾಲ ಮಾಡಿದವನಾಗಿ ನನ್ನ ಅಭಿಪ್ರಾಯ ಇಷ್ಟು: ಮಾದರಿಗಳನ್ನು ಕಟ್ಟುವ ಜಾಣತನವನ್ನು ಅಲ್ಲಿ ಕಲಿಸುತ್ತಾರೆ, ಆದರೆ ಒಂದು ಸಂಖ್ಯೆಯನ್ನು ಅದರ ಹುಟ್ಟಿನವರೆಗೂ ಹಿಂಬಾಲಿಸುವ ಹಟವನ್ನು ನೀವೇ ಕೊಂಡೊಯ್ಯಬೇಕು. ಆ ಹಟಕ್ಕೆ ಬೇಕಾದ ಸಾಮಗ್ರಿ ಕಲಬುರಗಿಯವರ ಬಳಿ ಬೇಕಾದಷ್ಟಿದೆ.

ಸಂಖ್ಯೆಗೆ ಇಷ್ಟು ಮಹತ್ವ ಏಕೆ ಎಂಬುದಕ್ಕೆ ಕಾನೂನಿನ ಕಾರಣವೇ ಇದೆ. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯಿಂದಾಗಿ ಗ್ರಾಹಕ ಬೆಲೆ ಸೂಚ್ಯಂಕವನ್ನು ಆಧರಿಸಿದ ಹಣದುಬ್ಬರವನ್ನು ಶೇಕಡಾ 4ರಲ್ಲಿ, ಮೇಲೆ ಕೆಳಗೆ 2ರ ಅಂತರದೊಳಗೆ ಇಡುವುದು ಬ್ಯಾಂಕಿನ ಗುರಿಯಾಯಿತು. ಬಡ್ಡಿ ದರವನ್ನು ನಿರ್ಧರಿಸಲು ಆರು ಸದಸ್ಯರ ಹಣಕಾಸು ನೀತಿ ಸಮಿತಿ ಬಂತು. ಅದರ ಮೊದಲ ಸಭೆ ನಡೆದದ್ದು 2016ರ ಅಕ್ಟೋಬರ್‌ನಲ್ಲಿ. ಸತತ ಮೂರು ತ್ರೈಮಾಸಿಕಗಳಲ್ಲಿ ಹಣದುಬ್ಬರ ಈ ಗಡಿಯನ್ನು ದಾಟಿದರೆ ಬ್ಯಾಂಕು ಸರ್ಕಾರಕ್ಕೆ ಕಾರಣ ಬರೆದು ಕೊಡಬೇಕು. 2022ರಲ್ಲಿ ಹಾಗೆ ಬರೆದುಕೊಡುವ ಪ್ರಸಂಗ ಬಂದೂ ಬಿಟ್ಟಿತು. ಹೀಗಿರುವಾಗ ದಶಮಾಂಶದ ಬಿಂದುವಿನ ಆಚೆಗಿನ ಅಂಕಿಯನ್ನೂ ಉದಾಸೀನ ಮಾಡುವಂತಿಲ್ಲ.

ಈಗ ಈ ಹಣದುಬ್ಬರದ ಅಂಕಿಯಲ್ಲಿ ನಮ್ಮ ಭಾಗದ ತೊಗರಿಯ ಪಾಲೇನೆಂಬುದಕ್ಕೆ ಬರೋಣ. 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ಸೂಚ್ಯಂಕಕ್ಕಾಗಿ ದೇಶದ 1,181 ಹಳ್ಳಿಗಳಿಂದ ಮತ್ತು 310 ಪಟ್ಟಣಗಳ 1,114 ಮಾರುಕಟ್ಟೆಗಳಿಂದ ಬೆಲೆಗಳನ್ನು ಸಂಗ್ರಹಿಸಲಾಗುತ್ತಿತ್ತು. ಆ ಸೂಚ್ಯಂಕ ಲೆಕ್ಕಹಾಕುವ ಸರಕು-ಸೇವೆಗಳ ಬುಟ್ಟಿಯಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಶೇಕಡಾ 45.86, ಬೇಳೆಕಾಳುಗಳದ್ದು ಕೇವಲ 2.38. ಇಷ್ಟು ಸಣ್ಣ ಪಾಲಿನಿಂದ ಏನಾದೀತು ಎನ್ನಬೇಡಿ. ಬೇಳೆಕಾಳುಗಳ ಬೆಲೆ ಒಂದು ವರ್ಷದಲ್ಲಿ ಶೇಕಡಾ 40ರಷ್ಟು ಏರಿತೆಂದುಕೊಂಡರೆ, ಒರಟು ಲೆಕ್ಕದಲ್ಲಿ ಒಟ್ಟು ಹಣದುಬ್ಬರಕ್ಕೆ 0.95ರಷ್ಟು ಸೇರುತ್ತದೆ, ಎಂದರೆ ಗುರಿಯ ಸುತ್ತ ಬಿಟ್ಟಿರುವ ಎರಡು ಅಂಕಗಳ ಅವಕಾಶದಲ್ಲಿ ಅರ್ಧದಷ್ಟನ್ನು ಬೇಳೆಯೊಂದೇ ತಿಂದುಹಾಕುತ್ತದೆ. 2015ರಲ್ಲಿ ಚಿಲ್ಲರೆ ಅಂಗಡಿಯಲ್ಲಿ ತೊಗರಿ ಬೇಳೆ ಕೆ.ಜಿ.ಗೆ 200 ರೂಪಾಯಿಯ ಹತ್ತಿರ ಹೋದದ್ದನ್ನು ನಿಮ್ಮ ತಾಯಂದಿರು ಮರೆತಿರಲಾರರು. ಮುಂದಿನ ಹಂಗಾಮಿನಲ್ಲಿ ಬಂಪರ್ ಬೆಳೆ ಬಂದು ದರ ಬೆಂಬಲ ಬೆಲೆಗಿಂತ ಕೆಳಗಿಳಿದದ್ದನ್ನು ನಿಮ್ಮ ತಂದೆಯಂದಿರು ಮರೆತಿರಲಾರರು. 2017ರ ಜೂನ್‌ನಲ್ಲಿ ದೇಶದ ಒಟ್ಟು ಹಣದುಬ್ಬರ ಶೇಕಡಾ 1.5ರ ಆಸುಪಾಸಿಗೆ ಬಂದುದರ ಹಿಂದೆ ಆ ಕುಸಿತದ ಪಾಲೂ ಇತ್ತು.

ಕಿರಿಯ ಸಂಶೋಧಕರಿಗೆ ಬರುವ ಒಂದು ಮಾಮೂಲು ಕೆಲಸವನ್ನು ಹತ್ತಿರದಿಂದ ನೋಡೋಣ. ‘ಕೃಷಿ ಮಾರುಕಟ್ಟೆಗಳಲ್ಲಿ ತೊಗರಿಯ ದರ ಮತ್ತು ನಗರಗಳಲ್ಲಿ ಬೇಳೆಯ ದರ, ಎರಡನ್ನೂ ಒಂದೇ ಚಿತ್ರದಲ್ಲಿ ಕೊಡಿ’ ಎಂದು ಹಿರಿಯರು ಬೆಳಿಗ್ಗೆ ಹೇಳುತ್ತಾರೆ, ಸಂಜೆಯೊಳಗೆ ಬೇಕೆನ್ನುತ್ತಾರೆ. ದಿನವಹಿ ಆವಕ ಮತ್ತು ದರದ ಪಟ್ಟಿ ಇಳಿಸಿಕೊಂಡರೆ ಅಲ್ಲಲ್ಲಿ ಅಂಕಿಯಿಲ್ಲದ ಖಾಲಿ ಮನೆಗಳು (ಕೋಶಗಳು) ಕಾಣುತ್ತವೆ. ಖಾಲಿ ಮನೆ ಸೊನ್ನೆಯಾಗಿ ಓದಲ್ಪಟ್ಟಿತೋ, ಕೆಲಸ ಕೆಟ್ಟಿತು. ತಿಂಗಳಲ್ಲಿ 22 ದಿನ ಕ್ವಿಂಟಲ್‌ಗೆ 10,000 ರೂಪಾಯಿಯಂತೆ ವಹಿವಾಟು ನಡೆದು, ನಾಲ್ಕು ದಿನ ಮಾರುಕಟ್ಟೆ ಮುಚ್ಚಿತ್ತೆಂದು ಭಾವಿಸಿ. ಸರಾಸರಿ 10,000 ಬರಬೇಕಾದಲ್ಲಿ 8,462 ಬರುತ್ತದೆ. ದರ ಒಂದು ರೂಪಾಯಿಯೂ ಇಳಿಯದೆ ಕಾಗದದ ಮೇಲೆ ಶೇಕಡಾ 15ರಷ್ಟು ಕುಸಿದಂತೆ ಕಾಣುತ್ತದೆ. ದೂರದ ಊರಿನಲ್ಲಿ ಕುಳಿತವರಿಗೆ ಆ ಖಾಲಿ ಮನೆ ಕಂಪ್ಯೂಟರಿನ ದೋಷದಂತೆ ತೋರಬಹುದು. ನಮ್ಮ ಕಲಬುರಗಿಯ ಕೃಷಿ ಮಾರುಕಟ್ಟೆಯಾದ ನೆಹರು ಗಂಜಿನಲ್ಲಿ ಓಡಾಡಿದವರಿಗೆ ಮಾತ್ರ ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಊರೇ ಚರಗ ಚೆಲ್ಲಲು ಹೊಲಕ್ಕೆ ಹೋಗಿ, ಬಜ್ಜಿ ರೊಟ್ಟಿಯ ಮುಂದೆ ಕೂತಿರುತ್ತದೆ, ಸೌದಾ ಮಾಡುವವರು ಯಾರೂ ಇರುವುದಿಲ್ಲ ಎಂಬುದು ಹೊಳೆಯುತ್ತದೆ. ಅದೂ ಹೊಸ ತೊಗರಿ ಮಾರುಕಟ್ಟೆಗೆ ಬರಲು ತೊಡಗುವ ಡಿಸೆಂಬರ್-ಜನವರಿಯ ಹೊತ್ತಿಗೇ ಬರುವ ಹಬ್ಬ.

ಖಾಲಿ ಮನೆಗಳನ್ನು ಸರಿಪಡಿಸಿದ ಮೇಲೂ ಚಿತ್ರ ಸಿದ್ಧವಾಗುವುದಿಲ್ಲ. ಒಂದು ಕಡೆ ಕ್ವಿಂಟಲ್, ಇನ್ನೊಂದು ಕಡೆ ಕಿಲೊ. ಒಂದು ಕಡೆ ಇಡೀ ತೊಗರಿ, ಇನ್ನೊಂದು ಕಡೆ ಬೇಳೆ. ದಾಲ್ ಮಿಲ್ಲಿನಲ್ಲಿ ಒಂದು ಕ್ವಿಂಟಲ್ ತೊಗರಿಯಿಂದ ಸುಮಾರು 70ರಿಂದ 75 ಕೆ.ಜಿ. ಬೇಳೆ ಸಿಗುತ್ತದೆ, ಉಳಿದದ್ದು ಹೊಟ್ಟು, ನುಚ್ಚು. ತೊಗರಿ ಕೆ.ಜಿ.ಗೆ 100 ರೂಪಾಯಿ ಇದ್ದು, ಬೇಳೆ 72 ಕೆ.ಜಿ. ಬಂದಿತೆಂದರೆ, ಹೊಟ್ಟಿನ ಹುಟ್ಟುವಳಿ ಬಿಟ್ಟು, ಬೇಳೆಯ ಕಚ್ಚಾ ವೆಚ್ಚವೇ ಕೆ.ಜಿ.ಗೆ 139 ರೂಪಾಯಿ ಆಗುತ್ತದೆ. ಈ ಲೆಕ್ಕ ಹಾಕದೆ ಎರಡು ಗೆರೆಗಳ ನಡುವಿನ ಅಂತರವನ್ನೆಲ್ಲ ವ್ಯಾಪಾರಿಗಳ ಲಾಭವೆಂದು ಬರೆದ ಟಿಪ್ಪಣಿಗಳನ್ನು ನಾನು ಓದಿದ್ದೇನೆ. ವ್ಯಾಪಾರಿಗಳ ಪರ ವಕಾಲತ್ತು ವಹಿಸುವ ಉದ್ದೇಶ ನನಗಿಲ್ಲ, ಆದರೆ ಆರೋಪ ಹೊರಿಸುವುದಕ್ಕೂ ಸರಿಯಾದ ಲೆಕ್ಕ ಬೇಕು.

ಇದರ ಮೇಲೆ ಋತುಮಾನದ ತೊಡಕು. ಮುಂಗಾರಿಗೆ ಬಿತ್ತಿದ ತೊಗರಿಯ ರಾಶಿ ಆಗುವ ಹೊತ್ತಿಗೆ ದರ ಇಳಿಯುವುದು ವಾಡಿಕೆ, ಅದನ್ನು ನೀತಿಯ ಫಲವೆಂದು ಹೇಳಲಾಗದು. ಇಂಥ ವಾಡಿಕೆಯ ಏರಿಳಿತವನ್ನು ತೆಗೆದುಹಾಕಲು ಸಿದ್ಧ ತಂತ್ರಾಂಶಗಳಿವೆ, ಆದರೆ ಪಶ್ಚಿಮದ ದೇಶಗಳಲ್ಲಿ ರೂಪುಗೊಂಡ ಆ ತಂತ್ರಾಂಶಗಳಿಗೆ ದೀಪಾವಳಿ ಒಂದು ವರ್ಷ ಅಕ್ಟೋಬರ್‌ನಲ್ಲಿ, ಮತ್ತೊಂದು ವರ್ಷ ನವೆಂಬರ್‌ನಲ್ಲಿ ಬರುತ್ತದೆ ಎಂಬುದನ್ನು ನಾವೇ ತಿಳಿಸಿಕೊಡಬೇಕು. ಆಧಾರ ಪರಿಣಾಮ ಎಂಬುದು ಇನ್ನೊಂದು. 100 ಇದ್ದ ಬೆಲೆ 140ಕ್ಕೆ ಏರಿ ಮರುವರ್ಷವೂ 140ರಲ್ಲೇ ನಿಂತರೆ ಹಣದುಬ್ಬರ ಸೊನ್ನೆ ಎನ್ನುತ್ತೇವೆ, ಆದರೆ ಕೊಳ್ಳುವವರ ಕೈಚೀಲಕ್ಕೆ ಅದರಿಂದ ಯಾವ ಸಮಾಧಾನವೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ಬರುವುದು ‘ಏಕೆ’ ಎಂಬ ಪ್ರಶ್ನೆ. 2022-23ರ ಹಂಗಾಮಿನಲ್ಲಿ ಈ ಜಿಲ್ಲೆಯ ತೊಗರಿ ಹೊಲಗಳು ನೆಟೆ ರೋಗದಿಂದ ಒಣಗಿ ನಿಂತಿದ್ದವು. ರೆಪೊ ದರ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಏರಿಸಿದರೆ ನೆಟೆ ರೋಗ ವಾಸಿಯಾಗುವುದಿಲ್ಲ. ಹಾಗಾದರೆ ಆಹಾರದ ಬೆಲೆ ಏರಿದಾಗ ಕೇಂದ್ರೀಯ ಬ್ಯಾಂಕು ಸುಮ್ಮನಿರಬೇಕೆ? 2023-24ರ ಆರ್ಥಿಕ ಸಮೀಕ್ಷೆಯು ಆಹಾರವನ್ನು ಹೊರಗಿಟ್ಟ ಹಣದುಬ್ಬರವನ್ನು ಗುರಿಯಾಗಿಸಿಕೊಳ್ಳುವ ಬಗ್ಗೆ ಯೋಚಿಸಬಹುದೆಂದಿತು. ಸೂಚ್ಯಂಕದಲ್ಲಿ ಸುಮಾರು ಶೇಕಡಾ 46ರಷ್ಟು ಪಾಲಿರುವ ಆಹಾರವನ್ನು ಅಲಕ್ಷಿಸಲಾಗದೆಂದು 2024ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಹೇಳಿದರು. ಬೇಳೆ ತುಟ್ಟಿಯಾದೊಡನೆ ಎಲ್ಲವೂ ತುಟ್ಟಿಯಾಗುತ್ತದೆಂದು ಜನ ಎಣಿಸತೊಡಗಿ, ಕೂಲಿಯೂ ಬಾಡಿಗೆಯೂ ಆ ಎಣಿಕೆಯಂತೆ ಏರಿದರೆ ಅದು ಬೇಳೆಯ ವಿಷಯವಾಗಿ ಉಳಿಯುವುದಿಲ್ಲ ಎಂಬುದು ಎರಡನೆಯ ವಾದದ ತಿರುಳು. ಬ್ಯಾಂಕು ಕುಟುಂಬಗಳ ಹಣದುಬ್ಬರ ನಿರೀಕ್ಷೆಯನ್ನು ನಗರಗಳಲ್ಲಿ ಸಮೀಕ್ಷೆ ಮಾಡಿಸುವುದು ಇದೇ ಕಾರಣಕ್ಕೆ. ನನ್ನ ಒಲವು ಎರಡನೆಯ ವಾದದ ಕಡೆಗಿದೆ. ಕಿರಿಯ ಸಂಶೋಧಕರು ಮಾತ್ರ ತಮ್ಮ ಒಲವನ್ನು ಚಿತ್ರದ ಅಕ್ಷಗಳಲ್ಲಿ ಅಡಗಿಸಿಡಬಾರದು. ಲಂಬ ಅಕ್ಷವನ್ನು ಸೊನ್ನೆಯಿಂದ ಆರಂಭಿಸದೆ ಸಣ್ಣ ಏರಿಕೆಯನ್ನು ಬೆಟ್ಟದಂತೆ ತೋರಿಸುವುದು ಬಲು ಸುಲಭ.

ಹಳೆಯ ಅಂಕಿಗಳ ಬಗ್ಗೆ ಒಂದು ಮಾತು, ಇದು ನಮ್ಮ ಭಾಗದವರಿಗೇ ವಿಶೇಷ. ರಿಸರ್ವ್ ಬ್ಯಾಂಕು 1935ರ ಏಪ್ರಿಲ್ 1ರಂದು ಕೆಲಸ ಆರಂಭಿಸಿದಾಗ ಕಲಬುರಗಿ, ಬೀದರ್, ಯಾದಗಿರಿಗಳು ನಿಜಾಮರ ರಾಜ್ಯದಲ್ಲಿದ್ದವು, ಇಲ್ಲಿ ಓಡುತ್ತಿದ್ದ ಹಣ ಹಾಲಿ ಸಿಕ್ಕಾ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ (ಬ್ರಿಟಿಷ್ ಭಾರತದ) ರೂಪಾಯಿ ಎಂಬುದು ಅದರ ವಿನಿಮಯದ ಲೆಕ್ಕ. ಈ ಭಾಗದ ಜೋಳದ ಬೆಲೆಯನ್ನೋ ಕೂಲಿಯನ್ನೋ ನೂರು ವರ್ಷ ಹಿಂದಕ್ಕೆ ಕೊಂಡೊಯ್ಯಲು ಹೊರಟವರು ಹಾಲಿಯನ್ನು ಕಲ್ದಾರ್‌ಗೆ ತಿರುಗಿಸಬೇಕು, ನಿಜಾಮರ ಆಡಳಿತದಲ್ಲಿ ಬಳಕೆಯಲ್ಲಿದ್ದ ಫಸಲಿ ವರ್ಷಕ್ಕೆ ಸುಮಾರು 590 ಕೂಡಿಸಿ ಇಸವಿ ಹಿಡಿಯಬೇಕು, ಸೇರನ್ನೂ ಮಣವನ್ನೂ ಕಿಲೊಗೆ ತರಬೇಕು. ಮುಂಬೈ ಪ್ರಾಂತದ ಸರಣಿಯ ಪಕ್ಕದಲ್ಲಿ ಇದನ್ನು ಹಾಗೆಯೇ ಇಟ್ಟರೆ ಇಲ್ಲಿ ಎಲ್ಲವೂ ಆರನೆಯ ಒಂದು ಪಾಲು ತುಟ್ಟಿಯಾಗಿತ್ತೆಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಉರ್ದು, ಮರಾಠಿ, ಕನ್ನಡ ಮೂರನ್ನೂ ಓದಬಲ್ಲವರು ಈ ಊರಿನಲ್ಲಿ ಇನ್ನೂ ಇರುವಾಗ ಆ ದಫ್ತರಗಳನ್ನು ಯಾರಾದರೂ ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಆಸೆ.

ಅಂಕಿಗಳು ಬಿಡುಗಡೆಯಾದ ಮೇಲೂ ಬದಲಾಗುತ್ತಿರುತ್ತವೆ. ಒಂದೇ ವರ್ಷದ ಒಟ್ಟು ದೇಶೀಯ ಉತ್ಪನ್ನಕ್ಕೆ ಮೊದಲು ಮುಂಗಡ ಅಂದಾಜು, ಆಮೇಲೆ ತಾತ್ಕಾಲಿಕ ಅಂದಾಜು, ಮುಂದೆ ಪರಿಷ್ಕೃತ ಅಂದಾಜುಗಳು ಬರುತ್ತವೆ. ಸಮಿತಿಯ ಹಿಂದಿನ ಒಂದು ನಿರ್ಧಾರವನ್ನು ವಿಮರ್ಶಿಸುವಾಗ ಅಂದು ಅವರ ಕೈಯಲ್ಲಿದ್ದ ಅಂಕಿಯನ್ನೇ ಬಳಸಬೇಕು. ಇಂದಿನ ಪರಿಷ್ಕೃತ ಅಂಕಿ ಹಿಡಿದು ಅಂದಿನವರನ್ನು ದೂರುವುದು ನ್ಯಾಯವಲ್ಲ. ಅದಕ್ಕಾಗಿ ಪ್ರತಿ ಕಡತವನ್ನೂ ಇಳಿಸಿಕೊಂಡ ದಿನಾಂಕದೊಂದಿಗೆ ಹಾಗೆಯೇ ಕಾಪಿಟ್ಟು, ತಿದ್ದುಪಡಿಗಳನ್ನೆಲ್ಲ ಆರ್ ಅಥವಾ ಸ್ಟಾಟಾದಂಥ ತಂತ್ರಾಂಶದಲ್ಲಿ ಸಾಲುಸಾಲಾಗಿ ಬರೆದಿಡಬೇಕು. ಎಕ್ಸೆಲ್‌ನಲ್ಲಿ ಕೈಯಿಂದ ತಿದ್ದಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಸರ್ಕಾರಿ ಸಾಲದ ಬಗ್ಗೆ 2010ರಲ್ಲಿ ಪ್ರಕಟಿಸಿದ ಪ್ರಬಂಧದ ಕಥೆ ನಿಮಗೆ ಗೊತ್ತಿರಬಹುದು. ಸಾಲವು ಉತ್ಪನ್ನದ ಶೇಕಡಾ 90ನ್ನು ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಸೊನ್ನೆಗಿಂತ ಕೆಳಗೆ, ಶೇಕಡಾ 0.1ರಷ್ಟು ಇಳಿಮುಖ ಎಂದು ಅದರಲ್ಲಿತ್ತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ತರಗತಿಯ ಅಭ್ಯಾಸಕ್ಕಾಗಿ ಆ ಲೆಕ್ಕವನ್ನು ಮರುಮಾಡಲು ಹೋಗಿ, ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳು ಬಿಟ್ಟುಹೋಗಿದ್ದನ್ನು ಕಂಡುಹಿಡಿದರು. ಅದರ ಜೊತೆಗೆ ಕೆಲವು ವರ್ಷಗಳ ಅಂಕಿ ಕೈಬಿಟ್ಟದ್ದನ್ನೂ ತೂಕ ಕೊಟ್ಟ ಕ್ರಮವನ್ನೂ ತಮ್ಮ ಅಧ್ಯಾಪಕರೊಡನೆ ಸರಿಪಡಿಸಿ ನೋಡಿದಾಗ ಬಂದ ಸರಾಸರಿ ಶೇಕಡಾ 2.2. ಅಷ್ಟು ಹೊತ್ತಿಗೆ ಆ ಪ್ರಬಂಧವನ್ನು ಹಲವು ದೇಶಗಳ ರಾಜಕಾರಣಿಗಳು ಮಿತವ್ಯಯದ ಸಮರ್ಥನೆಗೆ ಉಲ್ಲೇಖಿಸಿ ಆಗಿತ್ತು.

ಗೋಪ್ಯತೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ನೀತಿ ಸಮಿತಿಯ ಸದಸ್ಯರು ನಿರ್ಧಾರದ ಹಿಂದೆ ಮುಂದೆ ಏಳು ದಿನ ಮೌನ ಪಾಲಿಸುತ್ತಾರೆ. ಕಿರಿಯರಿಗೆ ವರ್ಷವಿಡೀ ಮೌನವೇ ಕ್ಷೇಮ. ಪ್ರಕಟವಾಗುವ ಲೇಖನಗಳ ಕೆಳಗೆ ‘ಅಭಿಪ್ರಾಯಗಳು ಲೇಖಕರವು, ಬ್ಯಾಂಕಿನವಲ್ಲ’ ಎಂಬ ಸಾಲಿರುತ್ತದೆ, ಅದು ಎರಡೂ ಕಡೆಯವರನ್ನು ಕಾಯುತ್ತದೆ.

ಈ ಕೆಲಸದಲ್ಲಿ ಬೇಸರವಿಲ್ಲವೆಂದರೆ ಸುಳ್ಳಾಗುತ್ತದೆ. ತಿಂಗಳುಗಟ್ಟಲೆ ದುಡಿದ ಕೆಲಸಕ್ಕೆ ಅಡಿಟಿಪ್ಪಣಿಯಲ್ಲಿ ಒಂದು ಕೃತಜ್ಞತೆಯ ಸಾಲು ಸಿಗಬಹುದು, ಸಿಗದೆಯೂ ಇರಬಹುದು. ಸಹಾಯಕರಾಗಿಯೇ ಬಹುಕಾಲ ಉಳಿದರೆ ಸ್ವಂತ ಪ್ರಶ್ನೆ ಕೇಳುವ ಅಭ್ಯಾಸ ತಪ್ಪುತ್ತದೆ. ಆದ್ದರಿಂದ ತಾತ್ಕಾಲಿಕ ಹುದ್ದೆಗೆ ಹೋಗುವವರು ಎರಡು ಮೂರು ವರ್ಷಗಳೊಳಗೆ ಪಿಎಚ್.ಡಿ.ಯೋ, ಕಾಯಂ ಪರೀಕ್ಷೆಯೋ ಎಂದು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ನಮ್ಮ ಭಾಗಕ್ಕೆ ಸಂವಿಧಾನ ಕೊಟ್ಟಿರುವ 371(ಜೆ) ವಿಧಿಯ ಮೀಸಲಾತಿ ರಾಜ್ಯ ಸರ್ಕಾರದ ಹುದ್ದೆಗಳಿಗೆ ಸಂಬಂಧಿಸಿದ್ದು, ರಿಸರ್ವ್ ಬ್ಯಾಂಕಿನಲ್ಲಿ ಅದರ ಆಸರೆ ಇಲ್ಲ, ದೇಶದ ಎಲ್ಲ ಕಡೆಯವರೊಂದಿಗೂ ಪೈಪೋಟಿ ಮಾಡಬೇಕು. ಟಿಪ್ಪಣಿ ಬರೆಯುವುದು ಇಂಗ್ಲಿಷಿನಲ್ಲೇ. ಇಂಗ್ಲಿಷಿನ ಅಳುಕಿಗಿಂತ ಗಣಿತದ ಅಳುಕೇ ನಮ್ಮ ವಿದ್ಯಾರ್ಥಿಗಳನ್ನು ಹೆಚ್ಚು ಹಿಂದೆ ಹಾಕುತ್ತಿದೆ ಎಂದು ನನಗನ್ನಿಸುತ್ತದೆ. ರೇಖೀಯ ಬೀಜಗಣಿತ ಮತ್ತು ಸಂಭವನೀಯತೆಯನ್ನು ಮೊದಲ ಸೆಮಿಸ್ಟರ್‌ನಿಂದಲೇ ಗಟ್ಟಿ ಮಾಡಿಕೊಳ್ಳಿ.

ಅಭ್ಯಾಸಕ್ಕೆ ಬೇಕಾದ ಅಂಕಿಗಳಿಗೆ ಹಣ ಕೊಡಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನ ಭಾರತೀಯ ಅರ್ಥವ್ಯವಸ್ಥೆಯ ದತ್ತಾಂಶ ಕೋಶವೂ ವಾರ್ಷಿಕ ಅಂಕಿಅಂಶ ಕೈಪಿಡಿಯೂ ಎಲ್ಲರಿಗೂ ತೆರೆದಿವೆ. ಬ್ಯಾಂಕಿನ ಮಾಸಿಕ ಬುಲೆಟಿನ್‌ನ ಒಂದು ಲೇಖನದಿಂದ ಒಂದೇ ಒಂದು ಚಿತ್ರವನ್ನು ಆರಿಸಿಕೊಂಡು, ಮೂಲ ಅಂಕಿಗಳಿಂದ ನೀವೇ ಮರುರಚಿಸಿ ನೋಡಿ. ಮೊದಲ ಸಲ ಹೊಂದುವುದಿಲ್ಲ, ಏಕೆ ಹೊಂದಲಿಲ್ಲವೆಂದು ಹುಡುಕುವುದರಲ್ಲೇ ಬಹಳಷ್ಟು ಕಲಿಕೆ ಆಗುತ್ತದೆ. ಗ್ರೇಡ್ ಬಿ ಪರೀಕ್ಷೆಯ ಅರ್ಹತೆ, ವಯೋಮಿತಿ, ಪಠ್ಯಕ್ರಮಗಳನ್ನು ಪ್ರತಿ ವರ್ಷದ ಅಧಿಸೂಚನೆಯಲ್ಲೇ ಓದಿಕೊಳ್ಳಿ, ಕೋಚಿಂಗ್ ಸೆಂಟರಿನ ಕರಪತ್ರ ನೆಚ್ಚಬೇಡಿ. ಇನ್ನು ನಿಮ್ಮ ಪ್ರಶ್ನೆಗಳಿಗೆ ಬರೋಣ.